ಯಾವ ಸೆಟ್ಟು?

ಮೊನ್ನೆ ಬಾಗಲಕೋಟೆಯ ನವನಗರದ ಒಂದು ಹೋಟೆಲಿನಲ್ಲಿ ಸೆಟ್ ದೋಸೆ ಹೇಳಿದೆ. ತಟ್ಟೆಯಲ್ಲಿ ಬಂದದ್ದು ಎರಡು. ಮೂರನೆಯದು ಇನ್ನೂ ಹಂಚಿನ ಮೇಲಿರಬೇಕು ಅಂತ ಕಾದೆ. ಸಾಗು ಆರಿತು. ಕಡೆಗೆ ಮಾಣಿಯನ್ನು ಕರೆದು ಕೇಳಿದರೆ "ಎರಡಕ್ಕ ಸೆಟ್ ರೀ ಸರ್" ಅಂದ. ಬೆಂಗಳೂರಲ್ಲಿ ಮೂರು ಕೊಡ್ತಾರಲ್ಲಪ್ಪ ಅಂದೆ. "ಅದು ಅಲ್ಲಿ ಸೆಟ್ ರೀ, ಇದು ಇಲ್ಲಿ ಸೆಟ್" ಅಂತ ನೀರಿನ ಲೋಟ ಇಟ್ಟು ಹೋದ.

ಅವನನ್ನು ಬೈದು ಏನು ಪ್ರಯೋಜನ? ಆಕ್ಸ್‌ಫರ್ಡ್‌ನವರ ದೊಡ್ಡ ನಿಘಂಟಿನ 1989ರ ಆವೃತ್ತಿಯಲ್ಲಿ ಈ ಒಂದು ಪದಕ್ಕೆ 430 ಅರ್ಥಗಳಿದ್ದವು, ಅವನ್ನು ಹೇಳಿ ಮುಗಿಸಲು ಸುಮಾರು 60,000 ಪದ ಬೇಕಾಗಿದ್ದವು. ಆಮೇಲೆ 'ರನ್' ಅನ್ನುವ ಪದ 645 ಅರ್ಥ ಹೊತ್ತುಕೊಂಡು ಬಂದು ಇದನ್ನು ಹಿಂದೆ ಹಾಕಿತಂತೆ. ಓಡುವ ಪದ ಮುಂದೆ ಹೋಗದೆ ಇನ್ನೇನು. ಆದರೆ ನಮ್ಮ ಕಡೆ ಬಂದು ನೋಡಿದ್ದರೆ ಸೆಟ್ಟಿಗೆ ಇನ್ನೂ ಹತ್ತಿಪ್ಪತ್ತು ಸೇರಿಸಬಹುದಿತ್ತು. ಮದುವೆ ಸೆಟ್ ಆಗುತ್ತದೆ, ಅತ್ತೆ ಸೊಸೆಗೆ ಸೆಟ್ ಆಗುವುದಿಲ್ಲ, ಪಕ್ಕದ ಮನೆ ಹುಡುಗ ಕಾಲೇಜು ಮೇಷ್ಟ್ರಾಗಲು ಕೆ-ಸೆಟ್ ಪರೀಕ್ಷೆ ಬರೆಯುತ್ತಾನೆ, ಅವರಪ್ಪ ಮಗ ಇನ್ನೂ ಸೆಟ್ ಆಗಲಿಲ್ಲ ಅಂತ ಕೊರಗುತ್ತಾನೆ. ಸಿಮೆಂಟ್ ಸೆಟ್ ಆಗುವುದಕ್ಕೆ ಮಾತ್ರ ನನ್ನ ತಕರಾರಿಲ್ಲ. ನಮ್ಮಲ್ಲೇ 'ಸೆಟೆಯುವುದು' ಇದೆಯಲ್ಲ, ಎರಡಕ್ಕೂ ನೆಂಟಸ್ತಿಕೆ ಇಲ್ಲದಿದ್ದರೂ ಕೆಲಸ ಒಂದೇ.

ನಮ್ಮ ಮಾಮಾನ ಕತೆ ಹೇಳಲೇಬೇಕು. ಮುಧೋಳದ ಹತ್ತಿರ, ಘಟಪ್ರಭೆಯ ದಂಡೆಗೆ ಅವನ ಹೊಲ. 2019ರ ಆಗಸ್ಟ್, ಹೊಳೆಗಳೆಲ್ಲ ಉಕ್ಕಿ ಬಂದಿದ್ದ ದಿನಗಳು. ಬೆಳಗಿನ ಐದಕ್ಕೆ ಫೋನು. "ಅಳಿಯಾ, ಸೆಟ್ ಹೊಳ್ಯಾಗ ಹೋತಪಾ" ಅಂದ, ಅಳುವ ದನಿಯಲ್ಲಿ.

ನಾನೋ ಅರೆನಿದ್ದೆಯಲ್ಲಿದ್ದೆ. ಅದಕ್ಕೂ ಹದಿನೈದು ದಿನ ಮುಂಚೆ ನಾನೇ ಅವನನ್ನು ಕರೆದುಕೊಂಡು ಹೋಗಿ ಹಲ್ಲಿನ ಸೆಟ್ ಹಾಕಿಸಿಕೊಂಡು ಬಂದಿದ್ದೆ. ತಲೆಯಲ್ಲಿ ಅದೇ ಕೂತಿತ್ತು.

"ಹೆಂಗ ಬಿತ್ತು ಮಾಮಾ, ಬಾಯಿ ಮುಕ್ಕಳಿಸುವಾಗೇನು?"

ಆ ಕಡೆ ಮಾತಿಲ್ಲ. ನೆಟ್‌ವರ್ಕ್ ಇರಲಿಕ್ಕಿಲ್ಲ ಅಂದುಕೊಂಡು ಗಟ್ಟಿಯಾಗಿ ಕೇಳಿದೆ, "ಮ್ಯಾಲಿಂದೋ ಕೆಳಗಿಂದೋ?"

"ಕೆಳಗಿಂದು. ಮ್ಯಾಲಿಂದು ನಿನ್ನೆನ ತಗದು ಮನ್ಯಾಗ ಇಟ್ಟೇನಿ."

ನೋಡಿ, ಎಷ್ಟು ಸರಿಯಾಗಿ ಕೂಡಿ ಬಂತು! ಮಲಗುವಾಗ ತೆಗೆದಿಡಬೇಕು ಅಂತ ಡಾಕ್ಟರು ಹೇಳಿದ್ದರು, ಅರ್ಧ ಮಾತು ಕೇಳಿದ್ದಾನೆ ಅಂದುಕೊಂಡೆ. ಊಟಕ್ಕೆ ಹೆಂಗ ಮಾಡ್ತಿ ಅಂತ ಕೇಳಿದೆ. "ಊಟದ್ದ ಚಿಂತಿ ಆಗೇತಿ ನೋಡು" ಅಂತ ನಿಜವಾಗಿಯೂ ಬಿಕ್ಕಿದ. ನನಗೂ ಕರುಳು ಚುರಕ್ ಅಂತು. ಸಮಾಧಾನ ಮಾಡೋಣ ಅಂತ, "ಇರ್ಲಿ ಬಿಡು ಮಾಮಾ, ಅಷ್ಟಕ್ಕ ಯಾಕ ಅಳ್ತಿ, ಒಂದ್ ವಾರ ಗಂಜಿ ಕುಡಿ, ಹೊಸದು ಹಾಕ್ಸೋಣು" ಅಂದೆ.

ಹತ್ತು ಎಚ್‌ಪಿಯ ಪಂಪ್‌ಸೆಟ್ ಕಳೆದುಕೊಂಡವನಿಗೆ ಹೇಳುವ ಮಾತೇ ಅದು? ಹೊಳೆ ದಂಡೆಯವರಿಗೆ ಸೆಟ್ ಅಂದರೆ ಅದೊಂದೇ. ಪ್ರತಿ ಮಳೆಗಾಲ ನೀರು ಏರುತ್ತಿದ್ದಂತೆ ನಾಲ್ಕು ಮಂದಿ ಸೇರಿ, ಹಗ್ಗ ಕಟ್ಟಿ ಮೋಟರನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಆ ಸಲ ಮೇಲಿನದನ್ನು ಎತ್ತಿ ಕೆಳಗಿನದಕ್ಕೆ ಬರುವಷ್ಟರಲ್ಲಿ ದಾರಿಯೇ ಇರಲಿಲ್ಲ. ಮಾಮಾ ಬಾಯಿಗೆ ಬಂದದ್ದು ಬೈದು ಫೋನ್ ಇಟ್ಟ. ಮೂರು ತಿಂಗಳು ಮಾತು ಬಿಟ್ಟ. ನೀರು ಇಳಿದ ಮೇಲೆ ಕೆಸರಿನಲ್ಲಿ ಮೋಟರ್ ಸಿಕ್ಕಿತು. ಒಳಗಿನ ತಂತಿ ಹೊಸದಾಗಿ ಸುತ್ತಿಸಿಕೊಂಡು ಬಂದ, ಈಗಲೂ ನಡೆಯುತ್ತಿದೆ. ಹಲ್ಲಿನ ಸೆಟ್ ಮಾತ್ರ ಡಬ್ಬಿಯಲ್ಲೇ ಇದೆ. ಅದು ಬಾಯಿಗೆ ಸೆಟ್ ಆಗಲಿಲ್ಲವಂತೆ.

ಇದೆಲ್ಲ ನಗುವ ಮಾತಾಯಿತು. ನನಗೆ ನಿಜವಾಗಿ ಸಿಟ್ಟು ಬರುವುದು ಅಂಗಡಿಯವರ ಸೆಟ್ ನೋಡಿ. ಅವ್ವನ ಕಾಲದಲ್ಲಿ ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ ಜೋಡಿ ಅಷ್ಟೇ, ಯಾರೂ ಅದಕ್ಕೊಂದು ಹೆಸರಿಟ್ಟಿರಲಿಲ್ಲ. ಈಗ ಎರಡನ್ನೂ ಒಂದು ಪೆಟ್ಟಿಗೆಗೆ ತುಂಬಿ ಸೆಟ್ ಅಂತಾರೆ, ಹಾಗಂದ ಕೂಡಲೇ ರೇಟೂ ಏರುತ್ತದೆ. ಕಳೆದ ತಿಂಗಳು ಮನೆಯಲ್ಲಿ ಚಹಾದ ಕಪ್ಪೊಂದು ಒಡೆಯಿತು. ಅದೇ ತರಹದ್ದು ಒಂದು ಕೊಡಪ್ಪ ಅಂದರೆ "ಸೆಟ್ ಒಡ್ಯಾಕ ಬರಂಗಿಲ್ರಿ" ಅಂದ. ನಮ್ಮನೇಲಿ ಒಡೆದೇ ಹೋಗಿದೆಯಲ್ಲ ಮಾರಾಯ! ಅವನಿಗೆ ಅರ್ಥವಾಗಲಿಲ್ಲ, ಆಗಿದ್ದರೂ ಕೊಡುತ್ತಿರಲಿಲ್ಲ. ಈಗ ನಮ್ಮ ಮನೆಯಲ್ಲಿ ಹನ್ನೊಂದು ಕಪ್ಪುಗಳಿವೆ.

ನಿನ್ನೆ ಮತ್ತೆ ಅದೇ ಹೋಟೆಲಿಗೆ ಹೋದೆ. ಆ ಪದದ ಸಹವಾಸವೇ ಬೇಡ ಅಂತ, ಅದನ್ನು ಬಾಯಿಗೇ ತರದೆ, ಬೆರಳೆತ್ತಿ ತೋರಿಸಿ "ದೋಸೆ, ಮೆತ್ತಗಿಂದು, ಮೂರು" ಅಂದೆ. ಮಾಣಿ ಒಂದು ಗಳಿಗೆ ನನ್ನ ಬೆರಳು ನೋಡಿದ. ಆಮೇಲೆ ಅಡುಗೆಮನೆ ಕಡೆ ತಿರುಗಿ ಕೂಗಿದ:

"ಒಂದೂವರಿ ಸೆಟ್!"