ಎಂಟು ಹೊಡೆದರೆ ಸಾಕಾ?

ವಿಜಯಪುರದಲ್ಲಿ ಬೈಕ್ ಲೈಸೆನ್ಸಿಗೆ ಹೊರಟಿರುವ ನನ್ನ ತಂಗಿಗೆ ಪರೀಕ್ಷೆಯಲ್ಲಿ 8ರ ಆಕಾರದಲ್ಲಿ ಬೈಕ್ ಓಡಿಸಿ ತೋರಿಸುವ ಬಗ್ಗೆ ಎಲ್ಲರೂ ಹೇಳುವುದು ಒಂದೇ ಮಾತು: 'ಎಂಟು ಹೊಡಿ, ಕಾಲು ನೆಲಕ್ಕೆ ಹಚ್ಚಬ್ಯಾಡ, ಮುಗೀತು.' ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸು) ಆದ ಮೇಲೆ ಪರೀಕ್ಷೆಗೆ 30 ದಿನ ಕಾಯಬೇಕು. ಆ 30 ದಿನ ಇರುವುದು ಕಲಿಯಲಿಕ್ಕೆ, ಅಲ್ವಾ? ಇವಳು ಮಾತ್ರ ದಿನಾ ಸಂಜೆ ಖಾಲಿ ಮೈದಾನದಲ್ಲಿ ಅದೇ ಎಂಟು ಸುತ್ತುತ್ತಾಳೆ.

ಗಾಂಧಿ ಚೌಕದಲ್ಲಿ ಟಂಟಂ ಆಟೋ ಅಡ್ಡ ಬಂದರೆ ಏನು ಮಾಡಬೇಕು? ಮುಂದಿನ ಬ್ರೇಕು, ಹಿಂದಿನ ಬ್ರೇಕು ಎರಡೂ ಕೂಡಿಸಿ ಹೇಗೆ ಹಿಡಿಯಬೇಕು? ತಿರುಗುವ ಮೊದಲು ಕನ್ನಡಿ ನೋಡು ಅಂತಲೂ ಒಬ್ಬರು ಹೇಳಿಲ್ಲ. ಕಲಿಸುವವರನ್ನು ಕೇಳಿದೆ. 'ಅದೆಲ್ಲಾ ಓಡಿಸ್ತಾ ಓಡಿಸ್ತಾ ಬರ್ತದ' ಅಂದರು. ಬರುವುದರೊಳಗೆ ಬಿದ್ದರೆ? ಕೇಳಿ ಹೊಟ್ಟೆ ಉರಿಯಿತು.

ಈಗ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.