ಸಮಾಧಿ ಮುಂದೆ ಚಪ್ಪಲಿ ಬಿಡುವವರು

"ಸಿನಿಮಾದವರಿಗೆ ಕೈ ಮುಗೀತಾರಲ್ಲ, ಇವರಿಗೆ ಬೇರೆ ದೇವರಿಲ್ವಾ?" ಪ್ರತಿ ವರ್ಷ ಅಕ್ಟೋಬರ್ 29, ಅಪ್ಪು ಅಂದರೆ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ದಿನ, ಬಂತೆಂದರೆ ಯಾರಾದರೊಬ್ಬರು ಈ ಮಾತು ಬರೆದೇ ಬರೆಯುತ್ತಾರೆ. ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ನನ್ನ ಪ್ರಕಾರ ಅಪ್ಪು ಸಮಾಧಿಗೆ ಹೋಗುವುದು ಯಾತ್ರೆಯೇ. ಆದರೆ ಅದು ಮತ ಆಗಬಾರದು.

ಗೊರಗುಂಟೆಪಾಳ್ಯದ ಹತ್ತಿರ ಕಂಠೀರವ ಸ್ಟುಡಿಯೋಗೆ ಹೋಗಿ ಸ್ವಲ್ಪ ಹೊತ್ತು ನಿಂತು ನೋಡಿ. 2006ರಲ್ಲಿ ಹೋದ ಅಣ್ಣಾವ್ರು, 2017ರಲ್ಲಿ ಹೋದ ಪಾರ್ವತಮ್ಮ, 2021ರಲ್ಲಿ ನಲವತ್ತಾರನೇ ವಯಸ್ಸಿಗೇ ಹೋದ ಪುನೀತ್, ಮೂವರೂ ಅಲ್ಲೇ ಇದ್ದಾರೆ. ಬಂದವರು ಯಾರೂ ಹೇಳದೆಯೇ ಚಪ್ಪಲಿ ಬಿಡುತ್ತಾರೆ. ಸುತ್ತು ಹಾಕುತ್ತಾರೆ. ಮಗುವನ್ನು ಎತ್ತಿ ಕಲ್ಲಿಗೆ ಹಣೆ ಮುಟ್ಟಿಸುತ್ತಾರೆ. ಮದುವೆಯ ಮೊದಲ ಲಗ್ನಪತ್ರಿಕೆ ತಂದು ಇಟ್ಟು ಹೋಗುವವರಿದ್ದಾರೆ. ಆ ಪತ್ರಿಕೆ ಮನೆದೇವರಿಗೆ ಸಲ್ಲಬೇಕಾದದ್ದು, ಅಲ್ವಾ? ನಾನು ಹೋದಾಗ ಒಬ್ಬ ಅಜ್ಜಿ ಕಲ್ಲಿನ ಮೇಲೆ ಬಾಡಿದ್ದ ಹೂವಿನ ಎಸಳನ್ನೆಲ್ಲ ಕೈಯಲ್ಲಿ ಬಳಿದು, ಸೆರಗಿನ ತುದಿಯಿಂದ ಒರೆಸಿ, "ಯಾಕೋ ಮಗನೇ, ಇಷ್ಟು ಬೇಗ ಹೋಗಿಬಿಟ್ಟೆ" ಅಂತ ಕೇಳುತ್ತಿದ್ದರು. ಹಿಂದೆ ಸಾಲು ಉದ್ದಕ್ಕಿತ್ತು. ಯಾರೂ "ಬೇಗ ಬನ್ನಿ" ಅನ್ನಲಿಲ್ಲ.

ಮನುಷ್ಯನನ್ನು ದೇವರ ಪಕ್ಕ ಕೂರಿಸುವುದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಕೋಟಿ ಚೆನ್ನಯರು ಯುದ್ಧದಲ್ಲಿ ಸತ್ತ ಅಣ್ಣತಮ್ಮಂದಿರು. ತುಳುನಾಡಿನ ಗರಡಿಗಳಲ್ಲಿ, ಅಂದರೆ ಅವರ ಗುಡಿಗಳಲ್ಲಿ, ಇವತ್ತಿಗೂ ಅವರಿಗೆ ನೇಮ ಅನ್ನುವ ಆರಾಧನೆ ನಡೆಯುತ್ತದೆ. ಕಾಡುಗೊಲ್ಲರು ಪೂಜಿಸುವ ಜುಂಜಪ್ಪ ದನ ಕಾದವನು. ಹುಬ್ಬಳ್ಳಿಯ ಸಿದ್ಧಾರೂಢರ ಗದ್ದುಗೆಗೆ, ಊರೂರಿನ ದರ್ಗಾಗಳ ಉರುಸಿಗೆ ಜನ ಜಾತಿ ಧರ್ಮ ನೋಡದೆ ಹೋಗುತ್ತಾರೆ. ಒಳ್ಳೆಯ ಜೀವ ಒಂದು ಕಡೆ ಮಣ್ಣಾದರೆ ಆ ಮಣ್ಣಿಗೆ ಹೋಗಿ ಬರಬೇಕು ಅನ್ನುವುದು ನಮ್ಮ ಜನಕ್ಕೆ ಹುಟ್ಟಿನಿಂದ ಬಂದಿದೆ. ಹಾಗಿರುವಾಗ ನಟನೊಬ್ಬನ ಸಮಾಧಿಗೆ ಹೋದವರನ್ನು ಮಾತ್ರ ಹುಚ್ಚರು ಅನ್ನುವುದು ನ್ಯಾಯವಲ್ಲ.

ಅಲ್ಲಿಂದ ಜನ ಹೊತ್ತು ಬಂದ ಹರಕೆ ಯಾವುದು ಅನ್ನುವುದು ನನಗೆ ಇದೆಲ್ಲಕ್ಕಿಂತ ದೊಡ್ಡ ವಿಷಯ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್ 1994ರಲ್ಲೇ ನಾರಾಯಣ ನೇತ್ರಾಲಯದಲ್ಲಿ ಶುರುವಾಗಿತ್ತು. ಅಣ್ಣಾವ್ರು ಕಣ್ಣು ಕೊಟ್ಟರು, ಪಾರ್ವತಮ್ಮ ಕೊಟ್ಟರು, ಮಗನೂ ಕೊಟ್ಟ. ಅಪ್ಪು ಕೊಟ್ಟ ಎರಡು ಕಣ್ಣಿನ ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂದಿರುವ ಪಾರದರ್ಶಕ ಪೊರೆಯನ್ನು, ವೈದ್ಯರು ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿದರು. ಯಾರಿಗೆ ಯಾವ ಪದರ ಕೆಟ್ಟಿತ್ತೋ ಅವರಿಗೆ ಅದನ್ನೇ ಹಾಕಿದರು. ಹಾಗೆ ನಾಲ್ಕು ಜನಕ್ಕೆ ನೋಟ ಬಂತು. ಆಮೇಲೆ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಎಷ್ಟು ಮನೆಗಳಲ್ಲಿ ಸಾವಿನ ಹೊತ್ತಿನಲ್ಲಿ "ಕಣ್ಣು ಕೊಡೋಣ, ಅಪ್ಪು ಕೊಡಲಿಲ್ವಾ" ಅನ್ನುವ ಮಾತು ಬಂದಿರಬೇಕು! ಸರ್ಕಾರದ ಯಾವ ಜಾಹೀರಾತಿಗೂ ಇಷ್ಟು ಬಲ ಇರಲಿಲ್ಲ. ಇದನ್ನು ಭಕ್ತಿ ಅಂತ ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ಹಾಗಾದರೆ ಮತ ಆಗಬಾರದು ಅಂತ ಯಾಕೆ ಹೇಳಿದೆ? ಮತ ಆದ ಕೂಡಲೇ ನಮ್ಮವರು, ಬೇರೆಯವರು ಅಂತ ಗೆರೆ ಬೀಳುತ್ತದೆ. ಒಬ್ಬ ನಟನ ಅಭಿಮಾನಿ ಇನ್ನೊಬ್ಬ ನಟನ ಹೆಂಡತಿ ಮಕ್ಕಳ ತನಕ ಕೆಟ್ಟದಾಗಿ ಬರೆಯುವುದನ್ನು ದಿನಾ ನೋಡುತ್ತಿದ್ದೇವೆ. 2006ರ ಏಪ್ರಿಲ್‌ನಲ್ಲಿ ಅಣ್ಣಾವ್ರು ಹೋದಾಗ ಬೆಂಗಳೂರಿನಲ್ಲಿ ಗಲಾಟೆಯಾಗಿ ಜೀವಗಳು ಹೋದವು, ಒಬ್ಬ ಪೊಲೀಸ್ ಪೇದೆಯದ್ದೂ ಸೇರಿ. ಅಭಿಮಾನಿಗಳನ್ನೇ ದೇವರು ಅಂತ ಕರೆದ ಮನುಷ್ಯನ ಸಾವಿನಲ್ಲಿ ಹಾಗಾಯಿತು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋಗಿ ಮೂವರು ಹುಡುಗರು ಕರೆಂಟ್ ಹೊಡೆದು ಸತ್ತರು. ಯಶ್ ಆ ಊರಿಗೆ ಹೋಗಿ ಮನೆಯವರನ್ನು ಕಂಡರು, ನಿಜ. ಆದರೆ ಆ ತಾಯಂದಿರ ಮನೆಗೆ ಮಕ್ಕಳು ವಾಪಸ್ ಬರಲಿಲ್ಲ. ಬದುಕಿರುವ ನಟನನ್ನು ಎತ್ತರಕ್ಕೆ ನಿಲ್ಲಿಸಿ ಹಾಲು ಸುರಿಯುವುದರಲ್ಲಿ ಪೈಪೋಟಿ ಇದೆ, ಯಾರ ಕಟೌಟ್ ದೊಡ್ಡದು ಅನ್ನುವ ಹಟ ಇದೆ. ಸಮಾಧಿ ಮುಂದಿನ ಸಾಲಿನಲ್ಲಿ ಅದಿಲ್ಲ. ಅಲ್ಲಿ ಯಾರ ಜೊತೆ ಪೈಪೋಟಿ ಮಾಡ್ತೀರಿ?

ಇದು ಯಾತ್ರೆಯೇ ಅನ್ನುವುದು ನನಗೆ ಇನ್ನಷ್ಟು ಗಟ್ಟಿಯಾದದ್ದು ವಿಷ್ಣುವರ್ಧನ್ ವಿಷಯದಲ್ಲಿ. 2009ರ ಡಿಸೆಂಬರ್‌ನಲ್ಲಿ ಅವರ ಅಂತ್ಯಕ್ರಿಯೆ ಆಗಿದ್ದು ಕೆಂಗೇರಿ ಹತ್ತಿರದ ಅಭಿಮಾನ್ ಸ್ಟುಡಿಯೋದಲ್ಲಿ. ಜಾಗದ ತಕರಾರು ವರ್ಷಗಟ್ಟಲೆ ಎಳೆದು ಕೋರ್ಟ್ ಮೆಟ್ಟಿಲು ಹತ್ತಿತು. ಸರ್ಕಾರ ಮೈಸೂರು ಹತ್ತಿರ ಸ್ಮಾರಕ ಕಟ್ಟಿಸಿ 2023ರಲ್ಲಿ ತೆರೆಯಿತು. ಚೆನ್ನಾಗಿಯೇ ಇದೆ. ಆದರೂ ಅಭಿಮಾನಿಗಳು ಕೆಂಗೇರಿಗೆ ಹೋಗುವುದನ್ನು ಬಿಡಲಿಲ್ಲ. ಬರೀ ನೆನಪು ಸಾಕಾಗಿದ್ದರೆ ಮೈಸೂರೇ ಸಾಕಿತ್ತು. ಅವರಿಗೆ ಚಿತೆ ಉರಿದ ಆ ನೆಲವೇ ಬೇಕಿತ್ತು. 2025ರ ಆಗಸ್ಟ್‌ನಲ್ಲಿ ರಾತ್ರೋರಾತ್ರಿ ಅಲ್ಲಿದ್ದ ಸಮಾಧಿ ಒಡೆದಾಗ ಜನ ಕಣ್ಣೀರು ಹಾಕಿದ್ದು ಅದಕ್ಕೇ.

ಜಾಗದ ಮಾಲೀಕತ್ವ ಯಾರದ್ದು ಅನ್ನುವುದನ್ನು ಕಾನೂನು ನೋಡಿಕೊಳ್ಳಲಿ. ಆದರೆ ಹತ್ತು ಜನ ನಿಂತು ಕೈ ಮುಗಿಯುವಷ್ಟು ಜಾಗವನ್ನು ಅಲ್ಲಿ ಬಿಡಿಸಿಕೊಡಲೇಬೇಕು. ಸರ್ಕಾರ ಮನಸ್ಸು ಮಾಡಿದರೆ ಆಗದ ಕೆಲಸವೇನಲ್ಲ. ಇದಕ್ಕಾಗಿ ಹೋರಾಡುತ್ತಿರುವ ವಿಷ್ಣು ಅಭಿಮಾನಿಗಳ ಜೊತೆ ಅಪ್ಪು ಅಭಿಮಾನಿಗಳೂ, ಬೇರೆ ನಟರ ಅಭಿಮಾನಿಗಳೂ ದನಿಗೂಡಿಸಲಿ.