ಫೋಟೋಗಳಿಗೂ ವರ್ಗಾವಣೆ ಕಾಲ

ಸರ್ಕಾರಿ ನೌಕರರಿಗೆ ವರ್ಗಾವಣೆ ಮೇ-ಜೂನ್‌ನಲ್ಲಿ. ದಾವಣಗೆರೆ ಕಡೆಯ ವಿಶ್ವವಿದ್ಯಾಲಯವೊಂದರ ಪತ್ರಾಗಾರದಲ್ಲಿ ಹಳೇ ಫೋಟೋಗಳಿಗೆ ಅದು ವರ್ಷಪೂರ್ತಿ. ವಿಶ್ವವಿದ್ಯಾಲಯದ ಹೆಸರು ಬೇಡ ಬಿಡಿ, ಅದನ್ನು ಬರೆಯೋಕೂ ಅಲ್ಲಿ ಅನುಮತಿ ಪತ್ರ ಬೇಕಾದೀತು.

ಅಲ್ಲಿನ ಪದ್ಧತಿ ಹೀಗೆ. ಫೋಟೋ ತೆಗೆದಾಗ ಊರು ಯಾವ ಜಿಲ್ಲೆಯಲ್ಲಿತ್ತೋ ಆ ಜಿಲ್ಲೆಯ ರಿಜಿಸ್ಟರ್. ಈಗ ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಯ ಕಪಾಟು. ದಾವಣಗೆರೆ 1997ರ ಆಗಸ್ಟ್‌ವರೆಗೆ ಚಿತ್ರದುರ್ಗ ಜಿಲ್ಲೆಯ ತಾಲೂಕು ಆಗಿತ್ತು ಅಲ್ವಾ? ಹಾಗಾಗಿ ಹತ್ತಿ ಗಿರಣಿಯ ಗೇಟಿನ ಫೋಟೋ ಬೇಕೆಂದರೆ ಕಪಾಟಿನವರು ರಿಜಿಸ್ಟರ್ ತೋರಿಸುತ್ತಾರೆ, ರಿಜಿಸ್ಟರಿನವರು ಕಪಾಟು ತೋರಿಸುತ್ತಾರೆ. ಫೋಟೋ ಮಾತ್ರ ಯಾರೂ ತೋರಿಸುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಪಾಡು ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗದ ಫೋಟೋದ್ದು. 1940ರ ಸುಮಾರಿನದು. ಗುಡ್ಡದ ಬುಡದಲ್ಲಿ ಎತ್ತಿನ ಗಾಡಿಗಳ ಸಾಲು, ಮೆಟ್ಟಿಲು ತುಂಬ ಜನ. ತೆಗೆದಾಗ ಊರು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, ಒಂದು ಸೀಲು. 1997ರಲ್ಲಿ ಹರಪನಹಳ್ಳಿ ತಾಲೂಕು ದಾವಣಗೆರೆಗೆ ಸೇರಿತು, ಇನ್ನೊಂದು ಸೀಲು. 2018ರಲ್ಲಿ ವಾಪಸ್ ಬಳ್ಳಾರಿ. 2021ರಲ್ಲಿ ವಿಜಯನಗರ. ಗುಡ್ಡ ಇದ್ದಲ್ಲೇ ಇದೆ, ಗುಡ್ಡದ ದೇವಿ ಉಚ್ಚಂಗೆಮ್ಮ ಕೂತಲ್ಲೇ ಕೂತಿದ್ದಾಳೆ. ಓಡಾಡಿದ್ದು ಫೋಟೋ ಒಂದೇ. ಬೆನ್ನಿಗೆ ಬಿದ್ದ ಸೀಲುಗಳ ನೇರಳೆ ಮಸಿ ಈಗ ಮುಂದಕ್ಕೂ ಇಳಿದು, ಮೆಟ್ಟಿಲು ಹತ್ತುತ್ತಿದ್ದ ಹೆಂಗಸಿನ ತಲೆ ಮೇಲೆ ಛತ್ರಿ ಹಿಡಿದ ಹಾಗೆ ಕಾಣುತ್ತದೆ.

ಈ ಫೋಟೋ ನೋಡಲು ಒಬ್ಬ ಅಜ್ಜ ಬಂದಿದ್ದರಂತೆ.

"ಈ ಗಾಡಿ ನಮ್ಮಪ್ಪಂದು ನೋಡ್ರಿ. ಬಲಗಡೆ ಎತ್ತಿನ ಕೊಂಬು ಮೊಂಡು ಐತಲ್ಲ, ಅದೇ ಗುರ್ತು."

"ಯಜಮಾನ್ರೇ, ನಿಮ್ಮಪ್ಪ ಯಾವ ಜಿಲ್ಲೆ?"

"ಹರಿಹರದ ಹತ್ರ ನಮ್ಮೂರು."

"ಹಾಗಾದ್ರೆ ಆಗ ಮೈಸೂರು ಸಂಸ್ಥಾನ. ಗಾಡಿ ಮದ್ರಾಸ್ ಪ್ರಾಂತ್ಯಕ್ಕೆ ಯಾಕೆ ಹೋಗಿತ್ತು?"

"ಹುಣ್ಣಿಮೆಗ್ರಿ."

"ದಾಖಲೆ ಇದೆಯಾ?"

ಅಜ್ಜ ಹೇಳಿದ ಎತ್ತಿನ ಗುರುತು, ಅಪ್ಪನ ಹೆಸರು, ಪಕ್ಕದ ಗಾಡಿಯವರ ಮನೆತನ, ಯಾವುದನ್ನೂ ಯಾರೂ ಬರೆದುಕೊಳ್ಳಲಿಲ್ಲ. ವಿವರ ಬರೆಯುವ ಕಾಲಂನಲ್ಲಿ ಇವತ್ತಿಗೂ 'ಜನರು ಮತ್ತು ಜಾನುವಾರು' ಅಂತಲೇ ಇದೆ.

ಇನ್ನು ರಕ್ಷಣೆ ವಿಷಯ. ಓದುವವರು ಬಂದರೆ ಗುರುತಿನ ಚೀಟಿ, ಶಿಫಾರಸು ಪತ್ರ, ಕೈಗೆ ಬಿಳಿ ಗ್ಲೌಸು. ಫೋಟೋ ಕಾಗದದ ಮೇಲಿನ ಜೆಲಾಟಿನ್ ಪದರವನ್ನು ಇಷ್ಟಪಟ್ಟು ತಿನ್ನುವ ಬೆಳ್ಳಿಹುಳಕ್ಕೆ ಇದ್ಯಾವುದೂ ಬೇಡ. ಗಾಜಿನ ನೆಗೆಟಿವ್‌ಗಳನ್ನು ನಿಲ್ಲಿಸಿ ಇಡಬೇಕು, ಒಂದರ ಮೇಲೊಂದು ಮಲಗಿಸಿದರೆ ಭಾರಕ್ಕೆ ಒಡೆಯುತ್ತವೆ. ಇಲ್ಲಿ ಮಲಗಿಸಿದ್ದಾರೆ. ಮೇಲೆ, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯಲು ಬರುವ ನ್ಯಾಕ್ ತಂಡಕ್ಕೆ ತೋರಿಸಿದ ಫೈಲುಗಳ ಕಟ್ಟು. ಆ ತಂಡ ಬಂದ ದಿನ ಮಾತ್ರ ಕೋಣೆಗೆ ಬಾಗಿಲಿತ್ತು, ಲೈಟಿತ್ತು, ರಂಗೋಲಿಯೂ ಇತ್ತು. ಉದ್ಘಾಟನೆಯ ಫ್ಲೆಕ್ಸ್‌ನಲ್ಲಿ ಅತಿಥಿಗಳು ಆಳೆತ್ತರ, ಹಳೇ ಫೋಟೋಗಳು ಕೆಳಗೆ ಅಂಚೆಚೀಟಿ ಸೈಜಿನಲ್ಲಿ.

ಡಿಜಿಟಲ್ ಆಗಿದೆಯಲ್ಲ ಅನ್ನುತ್ತೀರಾ? ಆಗಿದೆ. ಗಿರಣಿ ಗೇಟಿನ ಮುಂದೆ ಸಾಲಾಗಿ ಕೂತ ಕಾರ್ಮಿಕರ ಮುಖಗಳ ಮೇಲೆ ಅಡ್ಡಲಾಗಿ ಸಂಸ್ಥೆಯ ಹೆಸರಿನ ವಾಟರ್‌ಮಾರ್ಕ್. 1930ರ ದಶಕದಲ್ಲಿ ಅಚ್ಚಾದ ಫೋಟೋ, ಕಾಪಿರೈಟ್ ಮುಗಿದು ಎಷ್ಟೋ ಕಾಲ ಆಯ್ತು. ಆದರೂ ಕದ್ದುಬಿಟ್ಟರೆ? ಮಸುಕು ಮಾಡಿ ಹಾಕಿದ್ದಾರೆ. ಮೊಮ್ಮಗ ತನ್ನ ತಾತನನ್ನೇ ಗುರುತು ಹಿಡಿಯಬಾರದು, ಅಷ್ಟು ಬಂದೋಬಸ್ತು.

ಮೊನ್ನೆ ಸಲಹಾ ಸಮಿತಿ ಸಭೆ ಸೇರಿತ್ತಂತೆ. ತಾಲೂಕುಗಳು ಮತ್ತೆ ಅತ್ತಿತ್ತ ಆದರೆ ಉಚ್ಚಂಗಿದುರ್ಗದ ಫೋಟೋದ ಬೆನ್ನಿನಲ್ಲಿ ಸೀಲಿಗೆ ಜಾಗ ಉಳಿದಿಲ್ಲ ಎಂಬುದು ಮುಖ್ಯ ಚರ್ಚೆ. ಚಹಾ, ಮಂಡಕ್ಕಿ, ಮಿರ್ಚಿ ಆದಮೇಲೆ ಒಮ್ಮತದ ತೀರ್ಮಾನ ಆಯಿತು. ಇನ್ನು ಮುಂದೆ ಫೋಟೋದ ಮುಂಭಾಗ ಬಳಸಬಹುದು. ಮೊದಲು ಆಕಾಶ ಇರುವ ಕಡೆ, ಅದು ತುಂಬಿದ ಮೇಲೆ ಎತ್ತುಗಳ ಮೇಲೆ. ಜನರ ಮೇಲೆ ಹಾಕಬೇಕಾದರೆ ಕುಲಸಚಿವರ ಪೂರ್ವಾನುಮತಿ ಕಡ್ಡಾಯ.